ಖಾರಾ ಬನ್ ವರ್ಷನ್ 2.0 - ಯಾರು ಕೇಳಿದ್ರು ಸ್ವಾಮಿ?

ಪೀಠಿಕೆ ಹಾಕದೆ ನೇರ ವಿಷಯಕ್ಕೆ ಬರ್ತೀನಿ. ಹಳೇ ಬೇಕರಿ ತಿಂಡಿಗಳನ್ನ "ಅಪ್‌ಡೇಟ್" ಮಾಡೋ ಹುಚ್ಚು ಈಗ ವಿಪರೀತಕ್ಕೆ ಹೋಗಿದೆ. "ಅಯ್ಯಂಗಾರ್ ಬೇಕರಿ ಸ್ಟೈಲ್ ಖಾರಾ ಬನ್, ಆದ್ರೆ ಹೆಲ್ದಿ!" ಅಂತ ಶುರು ಆಗುತ್ತೆ. ಮೈದಾ ಬದಲು ಓಟ್ಸ್ ಪುಡಿ. ಸಕ್ಕರೆ ಬದಲು ಬೆಲ್ಲ. ಬೆಣ್ಣೆ ಬದಲು ಮೊಸರು. ಈಸ್ಟ್ ಬದಲು ಈನೋ. ಓವನ್ ಬದಲು ಪಡ್ಡು ಕಾವಲಿ. ಇನ್ನೊಂದು ಸ್ವಲ್ಪ ದಿನ ಬಿಟ್ರೆ "ಬನ್ ಇಲ್ಲದ ಖಾರಾ ಬನ್" ಅಂತಲೂ ಬರುತ್ತೋ ಏನೋ :-)

ಕೊನೆಗೆ ಕಾವಲಿಯಿಂದ ಎದ್ದು ಬರೋದು ಏನು? ಸಬ್ಬಸಿಗೆ ಸೊಪ್ಪು ಹಾಕಿದ ಓಟ್ಸ್ ಪಡ್ಡು. ಪಡ್ಡು ಒಳ್ಳೇ ತಿಂಡಿ, ನನಗೂ ಇಷ್ಟ. ಚಟ್ನಿ ಜೊತೆ ಕೊಟ್ರೆ ಹನ್ನೆರಡು ತಿಂತೀನಿ. ಆದ್ರೆ ಅದನ್ನ ಪಡ್ಡು ಅಂತಲೇ ಕರೀರಿ. ಖಾರಾ ಬನ್ ಹೆಸರು ಯಾಕೆ ಕೆಡಿಸ್ತೀರಿ?

ಇದನ್ನ ಓದ್ತಿದ್ದ ಹಾಗೇ "ಓಹೋ, ಇವನೂ ಹಳೇದೆಲ್ಲ ಹೊನ್ನು ಅನ್ನೋ ಪಾರ್ಟಿ" ಅಂತ ಕೆಲವರು ಅಂದುಕೊಂಡಿರ್ತೀರಿ. ಖಂಡಿತ ಅಲ್ಲ. ಆ ಪಾರ್ಟಿಯವರಿಗೂ ಮುಂದೆ ಇದೆ ಪೂಜೆ, ಸ್ವಲ್ಪ ತಡೀರಿ. ಬೇಕರಿ ರೆಸಿಪಿ ಅಪ್‌ಡೇಟ್ ಆಗಲೇಬೇಕು ಅಂತ ವಾದ ಮಾಡೋನು ನಾನು. ನನ್ನ ತಕರಾರು ಇಷ್ಟೇ: ಬದಲಾಯಿಸಬೇಕಾದ್ದನ್ನ ಬಿಟ್ಟು, ಬದಲಾಯಿಸಬಾರದ್ದನ್ನ ಬದಲಾಯಿಸ್ತಿದೀವಿ.

*

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಅಯ್ಯಂಗಾರ್ ಬೇಕರಿ ಅನ್ನೋದೇ ಒಂದು ದೊಡ್ಡ ಅಪ್‌ಡೇಟ್. ಹಾಸನದ ಕಡೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆ ಕಡೆ ಬ್ಯಾಂಗಲೋರ್ ಬ್ರದರ್ಸ್ ಬೇಕರಿ ಶುರು ಮಾಡಿದ್ರು ಅಂತ ಬೆಂಗಳೂರಿನ ಬೇಕರಿಗಳ ಬಗ್ಗೆ ಬರೆದವರು ಹೇಳ್ತಾರೆ. ಬ್ರೆಡ್ಡು, ಬನ್ನು, ಕೇಕು ಎಲ್ಲ ಬ್ರಿಟಿಷರ ಸಾಮಾನು. ಅದನ್ನ ಮೊಟ್ಟೆ ಮುಟ್ಟದ ಮನೆತನದವರು ಕೈಗೆ ತಗೊಂಡ್ರು, ಕೇಕಿಂದ ಮೊಟ್ಟೆ ತೆಗೆದ್ರು, ಬನ್ನಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೇರಿಸಿದ್ರು. ದಿಲ್‌ಪಸಂದ್ ಒಳಗೆ ಕೊಬ್ಬರಿ ತುರಿ, ಟೂಟಿಫ್ರೂಟಿ ತುಂಬಿದ್ರು. ಟೂಟಿಫ್ರೂಟಿ ಅಂದ್ರೆ ಇನ್ನೇನಲ್ಲ, ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಹಾಕಿದ ಪರಂಗಿಕಾಯಿ. ಯಾವ ಇಂಗ್ಲಿಷ್ ದೊರೆಯೂ ಕನಸಲ್ಲೂ ಕಾಣದ ತಿಂಡಿಗಳು ಇವು.

ಅಂದ್ರೆ ಬದಲಾವಣೆ ಪಾಪ ಅಲ್ಲ. ಆದ್ರೆ ಆವತ್ತಿನವರ ಬದಲಾವಣೆಗೂ ಇವತ್ತಿನವರ ಬದಲಾವಣೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೇಕಲ್ಲಿ ಮೊಟ್ಟೆ ಸುಮ್ಮನೆ ಕೂತಿರಲ್ಲ. ಹಿಟ್ಟಿಗೆ ಗಾಳಿ ಹಿಡಿಸುತ್ತೆ, ನೀರನ್ನೂ ಜಿಡ್ಡನ್ನೂ ಸೇರಿಸಿ ಇಡುತ್ತೆ, ಬೆಂದ ಮೇಲೆ ಗೋಡೆ ಥರ ಗಟ್ಟಿ ನಿಂತು ಕೇಕ್ ಕುಸಿಯದ ಹಾಗೆ ನೋಡ್ಕೊಳ್ಳುತ್ತೆ. ಅದನ್ನ ತೆಗೆದ್ರೆ ಈ ಕೆಲಸಗಳನ್ನೆಲ್ಲ ಬೇರೆ ಯಾರಾದ್ರೂ ಮಾಡಬೇಕು. ಮೊಟ್ಟೆ ಇಲ್ಲದ ಕೇಕಿಗೆ ಮೊಸರು-ಸೋಡಾ ಅಥವಾ ಕಂಡೆನ್ಸ್ಡ್ ಮಿಲ್ಕ್ ಬರೋದು ಅದಕ್ಕೇ. ಹನಿ ಕೇಕಿಗೆ ಸಕ್ಕರೆ ಪಾಕ ಕುಡಿಸ್ತಾರಲ್ಲ, ಅದು ರುಚಿಗೆ ಮಾತ್ರ ಅಲ್ಲ, ಮೊಟ್ಟೆ ಇಲ್ಲದ ಕೇಕ್ ಬೇಗ ಒಣಗುತ್ತಲ್ಲ, ಆ ಒಣಗೋದನ್ನೂ ತಡೆಯುತ್ತೆ.

ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ, ಯಾವ ಫಂಕ್ಷನ್ ಯಾರು ಕರೀತಾರೆ ಅಂತ ನೋಡದೆ ಡಿಲೀಟ್ ಮಾಡೋನಿಗೆ ಕೋಡ್ ರಿವ್ಯೂನಲ್ಲಿ ಮಂಗಳಾರತಿ ಆಗುತ್ತೆ. ಅಡುಗೆಮನೇಲಿ ಅದೇ ಕೆಲಸ ಮಾಡಿದೋರಿಗೆ ಲೈಕ್ ಬೀಳುತ್ತೆ.

*

ಇವತ್ತಿನ "ಹೆಲ್ದಿ" ಅಪ್‌ಡೇಟ್‌ಗಳನ್ನ ಒಂದೊಂದಾಗಿ ನೋಡೋಣ.

ಮೈದಾ. ಬನ್ನಿಗೆ ಮೈದಾ ಹಾಕೋದು ಅದು ಬೆಳ್ಳಗಿದೆ ಅಂತಲ್ಲ. ಗೋಧಿಯ ಪ್ರೋಟೀನ್ ನೀರಿನ ಜೊತೆ ಸೇರಿ, ನಾದಿದಾಗ ಗ್ಲುಟನ್ ಅನ್ನೋ ಎಳೆಯಾಗುತ್ತೆ. ಅದೇ ಬಲೂನು. ಈಸ್ಟ್ ಬಿಡೋ ಗಾಳಿಯನ್ನ ಹಿಡಿದಿಡೋದು ಅದು. ಓಟ್ಸಲ್ಲಿ ಆ ಎಳೆ ಇಲ್ಲ. ರಾಗೀಲೂ ಇಲ್ಲ. ಬಲೂನೇ ಇಲ್ಲದ ಮೇಲೆ ಎಷ್ಟು ಊದಿದ್ರೂ ಏನು ಬಂತು? ಇನ್ನು ಪೂರ್ತಿ ಗೋಧಿ ಹಿಟ್ಟು. ಅದರಲ್ಲಿ ಗ್ಲುಟನ್ ಏನೋ ಇದೆ, ಆದ್ರೆ ತೌಡಿನ ಚೂರುಗಳು ಎಳೆಗಳನ್ನ ಕತ್ತರಿಸ್ತಾವೆ. ಜೊತೆಗೆ ಚಕ್ಕಿಯಲ್ಲಿ ಬೀಸಿದ ಹಿಟ್ಟು ಮೈದಾಗಿಂತ ಜಾಸ್ತಿ ನೀರು ಕುಡಿಯುತ್ತೆ. "ಮೈದಾ ಬದಲು ಅಷ್ಟೇ ಗೋಧಿ ಹಿಟ್ಟು ಹಾಕಿ" ಅಂತ ಬರೆದು ನೀರಿನ ಅಳತೆ ಮುಟ್ಟದೆ ಬಿಟ್ರೆ, ಓದಿದೋರ ಮನೇಲಿ ಆಗೋದು ಇಟ್ಟಿಗೆ.

ಸಕ್ಕರೆ. ಖಾರಾ ಬನ್ನಲ್ಲಿ ಇರೋದೇ ಚೂರು. ಅದು ಬಣ್ಣಕ್ಕೆ, ಮೆತ್ತಗಿರೋದಕ್ಕೆ, ಖಾರದ ಹಿಂದೆ ನಾಲಿಗೆಗೆ ಸಿಗೋ ಆ ಸಣ್ಣ ಸಿಹಿಗೆ. ಅದನ್ನ ತೆಗೆದು ಬೆಲ್ಲ ಹಾಕಿ "ಸಕ್ಕರೆ ರಹಿತ" ಅಂತ ಬರೀತಾರೆ. ಬೆಲ್ಲದಲ್ಲಿ ಇನ್ನೇನಿದೆ ಸ್ವಾಮಿ? ಬಹುಪಾಲು ಅದೇ ಸುಕ್ರೋಸು. ಅದರ ರುಚಿಗೋಸ್ಕರ ಹಾಕಿ, ಬೇಡ ಅನ್ನಲ್ಲ. ಆದ್ರೆ ಮನೇಲಿ ಡಯಾಬಿಟಿಸ್ ಇರೋರು ಆ ಹೆಡ್ಡಿಂಗ್ ನಂಬಿ ಎರಡು ಜಾಸ್ತಿ ತಿಂದ್ರೆ? ಇದು ತಮಾಷೆ ವಿಷಯ ಅಲ್ಲ.

ಈಸ್ಟ್ ಬದಲು ಈನೋ. ಇದು ಕೇಳಿದ್ರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ. (ಆಗ ಈನೋ ಕುಡೀಬಹುದು, ಅದರ ಕೆಲಸ ಅದೇ ತಾನೆ!) ಈನೋ ಅಂದ್ರೆ ಸೋಡಾ ಮತ್ತು ಸಿಟ್ರಿಕ್ ಆಸಿಡ್. ನೀರು ಬಿದ್ದ ತಕ್ಷಣ ಬುಸ್ ಅಂತ ಗಾಳಿ ಬಿಟ್ಟು ಮುಗಿಸುತ್ತೆ. ಢೋಕ್ಲಾಗೆ ಸರಿ. ಈಸ್ಟ್ ಗಂಟೆಗಟ್ಟಲೆ ನಿಧಾನಕ್ಕೆ ಕೆಲಸ ಮಾಡುತ್ತೆ, ಗಾಳಿಯ ಜೊತೆ ಆಲ್ಕೋಹಾಲು, ಆಮ್ಲಗಳನ್ನೂ ಮಾಡುತ್ತೆ. ಬೇಕರಿ ಮುಂದೆ ಹಾದು ಹೋಗೋವಾಗ ಮೂಗು ಹಿಡಿದು ಎಳೆಯುತ್ತಲ್ಲ ವಾಸನೆ, ಅದರಲ್ಲಿ ಈ ಹುದುಗಿನ ಪಾಲು ದೊಡ್ಡದು. ಅದನ್ನ ತೆಗೆದು ಹಾಕಿ "ಬೇಕರಿ ರುಚಿ" ಅಂದ್ರೆ ಹೇಗೆ?

ಹೆಸರಿನ ಬಗ್ಗೆ ಇಷ್ಟು ಜಗಳ ಯಾಕೆ ಅಂತ ಕೇಳಬಹುದು. ಕಾಂಗ್ರೆಸ್ ಕಡಲೆಕಾಯಿ ಗೊತ್ತಲ್ಲ? 1969ರಲ್ಲಿ ಕಾಂಗ್ರೆಸ್ ಒಡೆದು ಎರಡು ಹೋಳಾದಾಗ, ಎರಡು ಹೋಳಾದ ಈ ಖಾರದ ಬೀಜಕ್ಕೆ ಆ ಹೆಸರು ಬಿತ್ತು ಅಂತ ಕತೆ. ಕತೆ ನಿಜವೋ ಸುಳ್ಳೋ ಇರಲಿ, ಇಡೀ ಬೀಜ ಹುರಿದು ಕಾಂಗ್ರೆಸ್ ಅಂತ ಕೊಟ್ರೆ ಜೋಕೇ ಸತ್ತು ಹೋಗುತ್ತೆ. ಹೆಸರು ಅನ್ನೋದು ತಿನ್ನೋರಿಗೆ ಕೊಟ್ಟ ಮಾತು. ಓಟ್ಸ್ ಪಡ್ಡನ್ನೇ ಖಾರಾ ಬನ್ ಅಂತ ತಿಂದು ಬೆಳೆದ ಮಗುವಿಗೆ ನಾಳೆ ನಿಜವಾದದ್ದು ಕಳೆದು ಹೋಗಿದೆ ಅಂತ ಗೊತ್ತೂ ಆಗಲ್ಲ.

*

ಈಗ ತಮಾಷೆ ನೋಡಿ. ಪದಾರ್ಥ ಎಲ್ಲ ಬದಲಾಯಿಸಿದ ಇದೇ ಮಹಾನುಭಾವರು, ನಿಜವಾಗ್ಲೂ ಬದಲಾಯಿಸಬೇಕಾದ ಒಂದನ್ನ ಮಾತ್ರ ಮುಟ್ಟಲ್ಲ. ಅದೇ "ಒಂದು ಕಪ್".

ಯಾವ ಕಪ್ಪು? ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರು. ಮೆಟ್ರಿಕ್ ಕಪ್ಪು 250. ಜಪಾನಿನದ್ದು 200. ನಮ್ಮ ಮನೆಗಳಲ್ಲಿ ಕಪ್ ಅಂದ್ರೆ ಕಾಫಿ ಕಪ್ಪೂ ಆಗಬಹುದು, ಪಾವಿನ ಲೋಟವೂ ಆಗಬಹುದು. ಕಪ್ಪು ಒಂದೇ ಇದ್ರೂ ಕೈ ಬೇರೆ. ಚಮಚದಲ್ಲಿ ಮೆಲ್ಲಗೆ ತುಂಬಿದ್ರೆ ಒಂದು ಕಪ್ ಮೈದಾ 120 ಗ್ರಾಂ ಹತ್ತಿರ ಬರುತ್ತೆ. ಡಬ್ಬಕ್ಕೆ ಕಪ್ ಇಳಿಸಿ ಒತ್ತಿ ತೆಗೆದ್ರೆ 150 ಗ್ರಾಂ.

ಲೆಕ್ಕ ಹಾಕಿ. ಮೂರು ಕಪ್ ಮೈದಾ, 200 ಗ್ರಾಂ ನೀರು ಅಂತ ರೆಸಿಪಿ ಇದೆ ಅನ್ನಿ. ಒಬ್ಬರ ಮನೇಲಿ ಮೈದಾ 360 ಗ್ರಾಂ, ನೀರಿನ ಪ್ರಮಾಣ ನೂರಕ್ಕೆ 56. ಮೆತ್ತನೆ ಬನ್ ಆಗುತ್ತೆ. ಪಕ್ಕದ ಮನೇಲಿ 450 ಗ್ರಾಂ, ನೀರು ನೂರಕ್ಕೆ 44. ಅದು ಪೂರಿ ಹಿಟ್ಟು! ಇಬ್ಬರೂ ಅದೇ ರೆಸಿಪಿ ಅಕ್ಷರಕ್ಷರ ಪಾಲಿಸಿದಾರೆ. ಆದ್ರೆ ಎರಡನೆಯವರು ಅರ್ಧ ಕೇಜಿ ಮೈದಾ ಕಸಕ್ಕೆ ಹಾಕಿ "ನನಗೆ ಬೇಕಿಂಗ್ ಕೈ ಹತ್ತಲ್ಲ ಬಿಡಿ" ಅಂತ ಸುಮ್ಮನಾಗ್ತಾರೆ. ಕೈಯದ್ದಲ್ಲ ತಪ್ಪು, ಬರೆದೋನದ್ದು. ಎಷ್ಟು ಜನ ಅಮ್ಮಂದಿರು, ಅಕ್ಕಂದಿರು ಹೀಗೆ ಎರಡು ಸಲ ಕೆಡಿಸಿಕೊಂಡು ಓಟಿಜಿಯನ್ನ ಅಟ್ಟಕ್ಕೆ ಹಾಕಿದಾರೋ! ಕೆಟ್ಟ ಡಾಕ್ಯುಮೆಂಟೇಶನ್ ಬರೆದು ಯೂಸರನ್ನ ಬೈಯೋ ಚಾಳಿ ನಮ್ಮ ಫೀಲ್ಡಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ :-(

ಐದಾರು ನೂರು ರೂಪಾಯಿಗೆ ಒಂದು ಡಿಜಿಟಲ್ ತಕ್ಕಡಿ ಬರುತ್ತೆ. ಚಿಯಾ ಬೀಜಕ್ಕೆ, ಬಾದಾಮಿ ಹಿಟ್ಟಿಗೆ ದುಡ್ಡು ಸುರಿಯೋರಿಗೆ ಇದು ಭಾರಾನಾ?

ಇನ್ನೂ ಇವೆ. ಹಳೇ ಬೇಕರಿ ಲೆಕ್ಕದಲ್ಲಿ "ಈಸ್ಟ್ 25 ಗ್ರಾಂ" ಅಂತಿದ್ರೆ ಅದು ಸಾಮಾನ್ಯವಾಗಿ ಸೋಪಿನ ತುಂಡಿನ ಹಾಗಿರೋ ಹಸಿ ಈಸ್ಟು. ಅದರಲ್ಲಿ ಮುಕ್ಕಾಲು ಪಾಲು ಹತ್ತಿರ ನೀರೇ. ಇವತ್ತು ಮನೆಗೆ ಬರೋದು ಇನ್‌ಸ್ಟಂಟ್ ಒಣ ಈಸ್ಟು. ಹಸಿ ಈಸ್ಟ್ 10 ಗ್ರಾಂ ಇದ್ದ ಕಡೆ ಇನ್‌ಸ್ಟಂಟ್ ಸುಮಾರು 3.3 ಗ್ರಾಂ ಸಾಕು. ಬೇರೆ ಥರದ, ನೀರಲ್ಲಿ ನೆನೆಸಬೇಕಾದ ಆಕ್ಟಿವ್ ಡ್ರೈ ಆದ್ರೆ 4ರಿಂದ 5. ಇದನ್ನ ನೋಡದೆ 25ಕ್ಕೆ 25 ಹಾಕಿದೋರ ಬನ್ನು ಬುಸಬುಸ ಉಬ್ಬಿ, ಈಸ್ಟ್ ನಾತ ಹೊಡೆದು, ಓವನಲ್ಲಿ ಕುಸಿಯುತ್ತೆ.

ಓವನ್ ಕತೆ ಬೇರೆಯೇ. ಸೌದೆ ಒಲೆಯ ಇಟ್ಟಿಗೆ ಗೂಡು ರಾತ್ರಿಯೆಲ್ಲ ಕಾದಿರುತ್ತೆ. ಕೆಂಡ ಎಳೆದು ಹಾಕಿ, ಬಿಸಿ ಜೋರಾಗಿದ್ದಾಗ ಬ್ರೆಡ್ಡು ಬನ್ನು, ಸ್ವಲ್ಪ ಇಳಿದ ಮೇಲೆ ಕೇಕು ಬಿಸ್ಕತ್ತು, ಕೊನೆಗೆ ಉಳಿದ ಕಾವಲ್ಲಿ ರಸ್ಕು ಒಣಗಿಸೋದು. ಗಡಿಯಾರಕ್ಕಿಂತ ಗೂಡಿನ ಕಾವೇ ಅಲ್ಲಿ ಟೈಮ್‌ಟೇಬಲ್ಲು. ನಮ್ಮ ಮನೆಯ ತಗಡಿನ ಓಟಿಜಿ ಬಾಗಿಲು ತೆಗೆದ ತಕ್ಷಣ ತಣ್ಣಗಾಗುತ್ತೆ, ಅದರ ಮೇಲಿನ ತಿರುಗುಗುಂಡಿ ಹೇಳೋದೊಂದು, ಒಳಗಿನ ಬಿಸಿ ಇನ್ನೊಂದು. ಆದ್ರೂ ಎಲ್ಲಾ ತಿಂಡಿಗೂ "180 ಡಿಗ್ರಿ, 20 ನಿಮಿಷ" ಅಂತ ಮಂತ್ರ. ಒಳಗೆ ಒಂದು ಓವನ್ ಥರ್ಮಾಮೀಟರ್ ಇಡಿ ಅಂತ ಯಾರೂ ಬರೆಯಲ್ಲ.

"ಒಂದು ಗಂಟೆ ಉಬ್ಬಲು ಬಿಡಿ" ಅನ್ನೋದು ಇನ್ನೊಂದು ಜೋಕು. ಎಲ್ಲಿ? ಮಡಿಕೇರಿಯ ಡಿಸೆಂಬರಲ್ಲೋ, ಕಲಬುರಗಿಯ ಮೇ ತಿಂಗಳಲ್ಲೋ? ಈಸ್ಟಿಗೆ ಬಿಸಿ ಹೆಚ್ಚಾದಷ್ಟೂ ವೇಗ ಹೆಚ್ಚು, ತೀರಾ ಅತಿಯಾದ್ರೆ ಸಾವು. ನ್ಯೂಜೆರ್ಸಿಯ ಚಳಿಯಲ್ಲಿ ಕೂತು ಮಾಡೋ ನಮ್ಮವರಿಗಂತೂ ಗಂಟೆಯ ಲೆಕ್ಕ ಉಪಯೋಗಕ್ಕೇ ಬರಲ್ಲ. ಅದೂ ಅಲ್ಲದೆ ಬೇಕರಿಯಲ್ಲಿ ಒಂದು ಸಲಕ್ಕೆ ಹತ್ತಾರು ಕೇಜಿ ಹಿಟ್ಟು. ಅಷ್ಟು ದೊಡ್ಡ ಮುದ್ದೆ ತನ್ನ ಕಾವನ್ನ ತಾನೇ ಹಿಡಿದಿಟ್ಟುಕೊಂಡು ಬೇಗ ಹುದುಗುತ್ತೆ. ಮನೆಯ ಅರ್ಧ ಕೇಜಿ ಮುದ್ದೆ ಪಾತ್ರೆಯಷ್ಟೇ ಬೇಗ ತಣ್ಣಗಾಗುತ್ತೆ. ಆದ್ದರಿಂದ "ಎರಡರಷ್ಟು ಆಗೋವರೆಗೆ" ಅಂತ ಬರೀಬೇಕು. ಗಂಟೆ ಬೇಕಿದ್ರೆ ಪಕ್ಕದಲ್ಲಿ ಅಡುಗೆಮನೆ ಎಷ್ಟು ಡಿಗ್ರಿ ಇತ್ತು ಅಂತಲೂ ಬರೀಬೇಕು.

ಮನೆ ಬೇಕರ್‌ಗೆ ಬೇಕಾದ ಅಪ್‌ಡೇಟ್ ಇದು. ಹಿಟ್ಟು, ಈಸ್ಟು, ಓವನ್ನು, ಪ್ರಮಾಣ, ಹವೆ. ಪ್ಲಾಟ್‌ಫಾರ್ಮ್ ಬದಲಾಗಿದೆ, ಪೋರ್ಟ್ ಮಾಡಿ ಅಂದ್ರೆ, ಇವರು ಪ್ರೋಗ್ರಾಮನ್ನೇ ಬೇರೆ ಬರೀತಾರೆ.

*

ಆರೋಗ್ಯದ ಕಾಳಜಿ ತಪ್ಪಾ ಹಾಗಾದ್ರೆ? ಅಲ್ಲವೇ ಅಲ್ಲ. ಆರೋಗ್ಯಕ್ಕಾಗಿ ಆಗಲೇಬೇಕಿದ್ದ ಬದಲಾವಣೆಗಳು ಇದ್ವು, ಆಗಿವೆ. ಇವರ ಕಣ್ಣಿಗೆ ಅವು ಬಿದ್ದೇ ಇಲ್ಲ.

ಒಂದು, ಪೊಟ್ಯಾಸಿಯಂ ಬ್ರೋಮೇಟ್. ಹಿಟ್ಟಿಗೆ ಬಲ ಬರಲಿ, ಬ್ರೆಡ್ ಎತ್ತರ ಬರಲಿ ಅಂತ ಬೇಕರಿ ಹಿಟ್ಟಿಗೆ ಚಿಟಿಕೆ ಹಾಕ್ತಿದ್ರು. ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಅದು ಎಂದೋ ಸೇರಿತ್ತು. ನಮ್ಮಲ್ಲಿ 2016ರ ಮೇ ತಿಂಗಳಲ್ಲಿ ದಿಲ್ಲಿಯ ಸಿಎಸ್‌ಇ ಸಂಸ್ಥೆ ಬ್ರೆಡ್ ಪರೀಕ್ಷೆ ಮಾಡಿ ವರದಿ ಕೊಟ್ಟ ಮೇಲೆ ಎಫ್‌ಎಸ್‌ಎಸ್‌ಎಐ ಅದನ್ನ ಅದೇ ವರ್ಷ ನಿಷೇಧಿಸಿತು. ಹಳೇ ಪುಸ್ತಕದ ರೆಸಿಪಿಯಲ್ಲಿ ಅದಿದ್ರೆ ಕಣ್ಣು ಮುಚ್ಚಿ ಹೊಡೆದು ಹಾಕಿ. ಅದೇ ಕೆಲಸಕ್ಕೆ ವಿಟಮಿನ್ ಸಿ ಇದೆ, ಚೆನ್ನಾಗಿ ನಾದಿದ್ರೆ ಮನೇಲಿ ಅದೂ ಬೇಡ.

ಎರಡು, ವನಸ್ಪತಿ. ಹೆಸರು ಬೆಣ್ಣೆ ಬಿಸ್ಕತ್ತು, ಒಳಗೆ ಡಾಲ್ಡಾ! ಈ ಮೋಸ ಹಳೇದು. ಎಣ್ಣೆ ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಫ್ಯಾಟ್ ಮಿತಿಯನ್ನ ನಮ್ಮ ದೇಶದಲ್ಲಿ 2021ರ ಜನವರಿಯಿಂದ ನೂರಕ್ಕೆ 3ಕ್ಕೂ, 2022ರ ಜನವರಿಯಿಂದ 2ಕ್ಕೂ ಇಳಿಸಿದ್ರು. ಮನೇಲಿ ಮಾಡೋರು ಬೆಣ್ಣೆಗೆ ಹೋಗೋದು ನ್ಯಾಯ. ಆದ್ರೆ ಇಲ್ಲೂ ಲೆಕ್ಕ ಇದೆ. ವನಸ್ಪತಿ ಪೂರ್ತಿ ಕೊಬ್ಬು. ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ 80-82, ಉಳಿದದ್ದರಲ್ಲಿ ಹೆಚ್ಚಿನದು ನೀರು. 100 ಗ್ರಾಂ ವನಸ್ಪತಿ ಇದ್ದ ಕಡೆ 120 ಗ್ರಾಂ ಬೆಣ್ಣೆ ಬೇಕು, ಬೇರೆ ದ್ರವ ಇದ್ರೆ ಅದನ್ನ ಅಷ್ಟು ಕಮ್ಮಿ ಮಾಡಬೇಕು. ಬೆಣ್ಣೆ ಬೇಗ ಕರಗುತ್ತೆ, ಹಾಗಾಗಿ ಬಿಸ್ಕತ್ತು ತಟ್ಟಿದ ಮೇಲೆ ಅರ್ಧ ಗಂಟೆ ಫ್ರಿಜ್ಜಲ್ಲಿಡದಿದ್ರೆ ಓವನಲ್ಲಿ ಹರಡಿ ದೋಸೆ ಆಗುತ್ತೆ. ಅಪ್‌ಡೇಟ್ ಅಂದ್ರೆ ಹೀಗೆ: ಏನು ತೆಗೆದೆ, ಯಾಕೆ ತೆಗೆದೆ, ಅದರ ಜಾಗದಲ್ಲಿ ಏನು ಇಟ್ಟೆ, ಅದರಿಂದ ಇನ್ನೇನು ಅಲುಗಾಡಿತು, ನಾಲ್ಕೂ ಹೇಳಬೇಕು.

*

ಈಗ ಆ ಇನ್ನೊಂದು ಪಾರ್ಟಿ. "ಅಯ್ಯೋ, ಬೇಕರಿ ರುಚಿ ಅಂದ್ರೆ ಕೈರುಚಿ ಕಣ್ರೀ, ಕಣ್ಣಳತೆ ಕಣ್ರೀ, ಗ್ರಾಂ ಲೆಕ್ಕದಲ್ಲಿ ಬರಲ್ಲ ಅದು" ಅನ್ನೋರು. ದುಡ್ಡು ಕೊಟ್ಟು ಹೋಗಿದ್ದ ಒಂದು ವಾರಾಂತ್ಯದ ಕ್ಲಾಸಲ್ಲಿ ಎಷ್ಟು ನೀರು ಅಂತ ಕೇಳಿದ್ದಕ್ಕೆ "ಹಿಟ್ಟೇ ಹೇಳುತ್ತೆ" ಅಂತ ಉತ್ತರ ಸಿಕ್ಕಿತ್ತು. ಹಿಟ್ಟು ನನ್ನ ಹತ್ತಿರ ಮಾತಾಡಲಿಲ್ಲ. ಫೀಸು ಮಾತ್ರ ರೂಪಾಯಿ ಲೆಕ್ಕದಲ್ಲೇ ಇತ್ತು, ಕಣ್ಣಳತೆ ಇರಲಿಲ್ಲ :-)

ನಿಜ ಹೇಳಬೇಕಂದ್ರೆ ಇದು ಬೇಕರಿಯವರಿಗೆ ಮಾಡೋ ಅವಮಾನ. ಬೇಕರಿ ಯಾವತ್ತೂ ಅಂದಾಜಿನ ಮೇಲೆ ನಡೆದದ್ದಲ್ಲ. ಮೈದಾ ಬರೋದೇ ತೂಕ ಕಟ್ಟಿದ ಮೂಟೆಯಲ್ಲಿ. ಒಂದು ಮೂಟೆಗೆ ಇಷ್ಟು ಕೇಜಿ ಸಕ್ಕರೆ, ಇಷ್ಟು ಉಪ್ಪು, ಇಷ್ಟು ಈಸ್ಟು. ಹಿಟ್ಟನ್ನ ನೂರು ಅಂತ ಇಟ್ಕೊಂಡು ಮಿಕ್ಕಿದ್ದೆಲ್ಲ ಅದರ ಶೇಕಡಾ ಲೆಕ್ಕದಲ್ಲಿ ಹೇಳೋದಕ್ಕೆ ಪ್ರಪಂಚದ ಬೇಕರಿಗಳೆಲ್ಲ ಬಳಸೋ ಹೆಸರು ಬೇಕರ್ಸ್ ಪರ್ಸೆಂಟೇಜ್. ಬನ್ನಿನ ಉಂಡೆ ಹಾಕೋ ಕೈ ಒಂದೇ ತೂಕದಲ್ಲಿ ಕಿತ್ತು ಹಾಕುತ್ತಲ್ಲ, ಅದು ಮಾಟ ಅಲ್ಲ, ತಕ್ಕಡಿ ಮುಂದೆ ವರ್ಷಗಟ್ಟಲೆ ಪಳಗಿದ ಕೈ. ನಮ್ಮಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಗೋಧಿ, ಮೈದಾ, ಬೇಕಿಂಗ್‌ಗೆ ಅಂತಲೇ ಒಂದು ವಿಭಾಗ ಬೆಳೆದಿದೆ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕದಿಂದ ಕಲಿತು ಬಂದವರು ಎಷ್ಟೋ ಜನ. ಲೆಕ್ಕ ನಮ್ಮಲ್ಲಿ ಇಲ್ಲದ್ದಲ್ಲ. ಕನ್ನಡದಲ್ಲಿ, ಮನೆಯವರ ಕೈಗೆ ಸಿಗೋ ಹಾಗೆ ಬರೆದಿಲ್ಲ ಅಷ್ಟೇ.

ಕೈರುಚಿ ಭಜನೆ ಮಾಡೋರಿಗೆ ಇನ್ನೊಂದು ಪ್ರಶ್ನೆ. ಆ ಕೈ ಎಷ್ಟು ದಿನ ಇರುತ್ತೆ? ಬೆಳಗಿನ ಜಾವ ಗೂಡಿನ ಮುಂದೆ ಬೇಯೋ ಕೆಲಸ ಬೇಡ ಅಂತ ಬೇಕರಿಯವರ ಮಕ್ಕಳು ಓದಿ ನಮ್ಮ ಹಾಗೆ ಟೆಕ್ ಪಾರ್ಕ್ ಸೇರಿದ್ರು. ಅದಕ್ಕೆ ಅವರನ್ನ ಬೈಯೋ ಹಕ್ಕು ಏಸಿಯಲ್ಲಿ ಕೂತ ನನಗಿಲ್ಲ. ಆದ್ರೆ ಅಂಗಡಿ ಬಾಗಿಲು ಹಾಕಿದಾಗ ಮೂಟೆ ಲೆಕ್ಕ ಗೊತ್ತಿದ್ದವರ ಜೊತೆಗೇ ಲೆಕ್ಕವೂ ಹೋಗುತ್ತೆ. ಆಮೇಲೆ ಉಳಿಯೋದು ಯಾವುದು? ಇಂಟರ್ನೆಟ್ಟಲ್ಲಿ ಇರೋದು. ಅಂದ್ರೆ ಓಟ್ಸ್ ಪಡ್ಡು. ಇದೇ ನನ್ನ ನಿಜವಾದ ಹೆದರಿಕೆ.

*

ಬರೀ ಬೈದು ಹೋದ ಅಂತ ಅನ್ನಿಸಿಕೊಳ್ಳಬಾರದಲ್ಲ, ಅದಕ್ಕೆ ನಮ್ಮ ಮನೆ ಲೆಕ್ಕ ಇಲ್ಲಿ ಹಾಕ್ತಿದೀನಿ. ಇದು ಯಾವ ಬೇಕರಿಯ ಗುಟ್ಟೂ ಅಲ್ಲ. ಆವರಣದಲ್ಲಿರೋದು ಮೈದಾ ನೂರಾದ್ರೆ ಎಷ್ಟು ಅನ್ನೋದು.

ಮೈದಾ - 500 ಗ್ರಾಂ (100)
ನೀರು - 290 ಗ್ರಾಂ (58)
ಎಣ್ಣೆ ಅಥವಾ ಬೆಣ್ಣೆ - 40 ಗ್ರಾಂ (8)
ಸಕ್ಕರೆ - 25 ಗ್ರಾಂ (5)
ಉಪ್ಪು - 9 ಗ್ರಾಂ (1.8)
ಇನ್‌ಸ್ಟಂಟ್ ಈಸ್ಟ್ - 5 ಗ್ರಾಂ (1)
ಸಣ್ಣಗೆ ಹೆಚ್ಚಿದ ಈರುಳ್ಳಿ - 100 ಗ್ರಾಂ (20)
ಸಬ್ಬಸಿಗೆ, ಕೊತ್ತಂಬರಿ, ಕರಿಬೇವು ಸೇರಿ - 30 ಗ್ರಾಂ (6)
ಹಸಿಮೆಣಸಿನಕಾಯಿ - 15 ಗ್ರಾಂ (3)

ಒಟ್ಟು 1014 ಗ್ರಾಂ. ಹನ್ನೆರಡು ಬನ್ನು, ಒಂದೊಂದು 84 ಗ್ರಾಂ.

ಈರುಳ್ಳಿ ಸೊಪ್ಪು ಬಿಟ್ಟು ಉಳಿದದ್ದನ್ನ ಕಲೆಸಿ, ಹಿಟ್ಟು ಎಳೆದ್ರೆ ಹರಿಯದೆ ತೆಳ್ಳಗೆ ಪರದೆ ಥರ ಬರೋವರೆಗೆ ನಾದಿ. ಈರುಳ್ಳಿ ಕೊನೆಗೇ ಯಾಕೆ? ಉಪ್ಪು ಮುಟ್ಟಿದ ತಕ್ಷಣ ಈರುಳ್ಳಿ ನೀರು ಬಿಡುತ್ತೆ. ಮೊದಲೇ ಹಾಕಿದ್ರೆ ಹಿಟ್ಟು ಅಂಟಂಟಾಗಿ, ನೀವು ಮೇಲೆ ಮೇಲೆ ಮೈದಾ ಉದುರಿಸಿ ಲೆಕ್ಕ ಕೆಡಿಸ್ತೀರಿ. ನೀರು 58ಕ್ಕೇ ನಿಲ್ಲಿಸಿರೋದೂ ಅದಕ್ಕೇ. ಎರಡರಷ್ಟು ಉಬ್ಬಿದ ಮೇಲೆ ಉಂಡೆ ಮಾಡಿ, ಮತ್ತೆ ಉಬ್ಬಿಸಿ. ಬೆರಳಲ್ಲಿ ಮೆಲ್ಲಗೆ ಒತ್ತಿದ ಗುಳಿ ನಿಧಾನಕ್ಕೆ ಮೇಲೆ ಬಂದ್ರೆ ರೆಡಿ. ಥರ್ಮಾಮೀಟರ್ 200 ತೋರಿಸ್ತಿರೋ ಓವನಲ್ಲಿ 15ರಿಂದ 18 ನಿಮಿಷ.

ಎರಡನೇ ದಿನವೂ ಮೆತ್ತಗಿರಬೇಕಾ? ಬೇಕರಿಗೆ ಆ ಚಿಂತೆ ಇಲ್ಲ, ಸಾಯಂಕಾಲಕ್ಕೆ ಖಾಲಿ ಆಗುತ್ತೆ. ಮನೆಗೆ ಇದೆ. ಇದೇ ಲೆಕ್ಕದೊಳಗಿಂದ 25 ಗ್ರಾಂ ಮೈದಾ, 125 ಗ್ರಾಂ ನೀರು ತೆಗೆದು, ಗಂಜಿ ಥರ ಗಟ್ಟಿ ಆಗೋವರೆಗೆ, ಅಂದ್ರೆ 65 ಡಿಗ್ರಿವರೆಗೆ ಕಾಯಿಸಿ, ಆರಿಸಿ, ಉಳಿದ ಹಿಟ್ಟಿಗೆ ಸೇರಿಸಿ. ಪೂರ್ವ ಏಷ್ಯಾದ ಬೇಕರಿಗಳ ಉಪಾಯ ಇದು. ಬೆಂದ ಹಿಟ್ಟು ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ಬನ್ನು ಫ್ರಿಜ್ಜಲ್ಲಿ ಮಾತ್ರ ಇಡಬೇಡಿ, ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತೆ. ಹೊಸದನ್ನ ತರೋದಾದ್ರೆ ಇಂಥದ್ದನ್ನ ತರೋಣ. ರುಚಿ ಅದೇ, ಸಮಸ್ಯೆ ಮಾತ್ರ ಹೋಯ್ತು.

ಗೋಧಿ ಹಿಟ್ಟು ಬೇಕೇ ಬೇಕು ಅನ್ನೋರು 150 ಗ್ರಾಂ ಮೈದಾ ತೆಗೆದು ಅಷ್ಟು ಗೋಧಿ ಹಾಕಿ, ನೀರು 20 ಗ್ರಾಂ ಜಾಸ್ತಿ ಮಾಡಿ, ಕಲೆಸಿ ಅರ್ಧ ಗಂಟೆ ಬಿಟ್ಟು ಆಮೇಲೆ ನಾದಿ. ಸ್ವಲ್ಪ ಗಿಡ್ಡ ಆಗುತ್ತೆ, ಚೆನ್ನಾಗೇ ಇರುತ್ತೆ. "ಗೋಧಿ ಖಾರಾ ಬನ್" ಅಂತ ಹೆಸರಿಡಿ. ಮುಗೀತು, ಜಗಳ ಇಲ್ಲ.

*

ಬ್ಲಾಗ್ ಬರೆಯೋ ಗೆಳೆಯರಲ್ಲಿ, ಅದರಲ್ಲೂ ಅಡುಗೆ ಬರೆಯೋರಲ್ಲಿ ನನ್ನ ವಿನಂತಿ ಇಷ್ಟೇ. ಕಪ್ಪು ಬಿಡಿ, ಗ್ರಾಂ ಬರೀರಿ. ಯಾವ ಈಸ್ಟು ಅಂತ ಬರೀರಿ. ಏನಾದ್ರೂ ಬದಲಾಯಿಸಿದ್ರೆ ಕೆಳಗೆ ಒಂದು ಸಾಲು, ಇದು ಬದಲಾಯಿಸಿದ್ದು, ಇದಕ್ಕೆ, ಅಂತ ಬರೀರಿ. ನಿಮ್ಮ ಬೀದಿಯ ಬೇಕರಿಯಲ್ಲಿ ಹತ್ತಿಪ್ಪತ್ತು ವರ್ಷದಿಂದ ಹಿಟ್ಟು ನಾದ್ತಿರೋ ಅಣ್ಣನ ಪರಿಚಯ ಇದ್ರೆ, ವ್ಯಾಪಾರ ಕಮ್ಮಿ ಇರೋ ಮಧ್ಯಾಹ್ನ ಹೋಗಿ "ಒಂದು ಮೂಟೆಗೆ ಎಷ್ಟು ಉಪ್ಪು ಹಾಕ್ತೀರ?" ಅಂತ ಕೇಳಿ ನೋಡಿ. ರುಚಿಯ ಗುಟ್ಟು ಹೇಳಲ್ಲ ಅನ್ನಬಹುದು, ಆದ್ರೆ ಕೆಲಸದ ಬಗ್ಗೆ ಗೌರವದಿಂದ ಕೇಳಿದ್ರೆ ತುಂಬಾ ಜನ ಹೇಳ್ತಾರೆ. ಒಪ್ಪಿದ್ರೆ ಬರ್ಕೊಳ್ಳಿ. ಐವತ್ತು ಕೇಜಿಯ ಲೆಕ್ಕವನ್ನ ಅರ್ಧ ಕೇಜಿಗೆ ಇಳಿಸೋದು ನೂರರಿಂದ ಭಾಗಿಸೋ ಕೆಲಸ, ಅಷ್ಟಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಕಾಗಿಲ್ಲ.

ಓಟ್ಸ್ ಪಡ್ಡಿನವರು ಬೈಯೋದಿದ್ರೆ ಕಮೆಂಟಲ್ಲಿ ಬೈಯಿರಿ, ಸ್ವಾಗತ. ಒಂದೇ ಶರತ್ತು: ಅಳತೆ ಗ್ರಾಂನಲ್ಲಿರಲಿ :-)